ಏಪ್ರಿಲ್‌ನಲ್ಲಿ ಬತ್ತುವ ಕೆರೆಯಲ್ಲಿ ಏನೇನು ಬದುಕುತ್ತದೆ?

ಮೇಡಂ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ಅದರಲ್ಲಿ ಏನಿದೆ ಎಂದು ಮೊದಲು ಹೇಳಿಬಿಡುತ್ತೇನೆ. ನೀವು ಶಿರಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಿಜ್ಞಾನದ ಶಿಕ್ಷಕಿ. ಸಿಹಿನೀರಿನ ಜೀವಿಗಳ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು, "ನಮ್ಮೂರ ಕೆರೆ ಏಪ್ರಿಲ್‌ಗೆಲ್ಲ ಬತ್ತಿ ಬಿರುಕು ಬಿಡುತ್ತೆ, ಅದರಲ್ಲಿ ಎಂಥ ಜೀವ ಇರುತ್ತೆ ಮಿಸ್?" ಅಂತ ಕೇಳಿದನಂತೆ. ಅದೇ ಹೊತ್ತಿಗೆ ಊರಿನಲ್ಲಿ ಕೆರೆ ಅಭಿವೃದ್ಧಿಯ ಮಾತು ಎದ್ದಿದೆ. ಇಡೀ ಕೆರೆಯನ್ನು ಒಂದೇ ಆಳಕ್ಕೆ ಅಗೆಯುವುದು, ಸುತ್ತಲೂ ಕಲ್ಲು ಕಟ್ಟುವುದು, ಜೊಂಡನ್ನೆಲ್ಲ ಕಿತ್ತು ಹಾಕುವುದು, ಆಮೇಲೆ ಮೀನು ಬಿಡುವುದು. ಗ್ರಾಮಸಭೆಯಲ್ಲಿ ನಿಮ್ಮ ಅಭಿಪ್ರಾಯವನ್ನೂ ಕೇಳುತ್ತಾರೆ, ಏನು ಹೇಳಲಿ ಅಂತ ಬರೆದಿದ್ದೀರಿ. ಪತ್ರದ ಕೊನೆಗೆ ಕೆಂಪು ಹುಳುಗಳ ಬಗ್ಗೆ ಒಂದು ಸಣ್ಣ ಪ್ರಶ್ನೆ ಇದೆ. ಅದನ್ನು ಕೊನೆಗೇ ಇಟ್ಟುಕೊಳ್ಳುತ್ತೇನೆ.

ಆ ಹುಡುಗನ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಪಠ್ಯಪುಸ್ತಕದ ಚಿತ್ರದಲ್ಲಿ ಕೆರೆ ಯಾವಾಗಲೂ ತುಂಬಿರುತ್ತದೆ. ನೀಲಿ ನೀರು, ಎರಡು ತಾವರೆ, ಒಂದು ಮೀನು, ಒಂದು ಕಪ್ಪೆ. ನಮ್ಮ ಬಯಲುಸೀಮೆಯ ಮಕ್ಕಳು ನೋಡುವ ಕೆರೆ ಹಾಗಿರುವುದಿಲ್ಲ. ವರ್ಷದಲ್ಲಿ ಕೆಲವು ತಿಂಗಳು ನೀರು, ಕೆಲವು ತಿಂಗಳು ಕೆಸರು, ಕೆಲವು ತಿಂಗಳು ದನ ಮೇಯುವ ಬಯಲು. ಈ ಏರಿಳಿತ ಇರುವುದರಿಂದಲೇ ಅಲ್ಲಿ ಅಷ್ಟೊಂದು ಬಗೆಯ ಜೀವಿಗಳಿಗೆ ಜಾಗ ಸಿಕ್ಕಿದೆ. ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ಒಂದೆರಡು ಅಂಕಿ. ಭೂಮಿಯ ಮೇಲಿನ ನೀರಿನಲ್ಲಿ ಸಿಹಿನೀರಿನ ಪಾಲು ಸುಮಾರು ಶೇ 2.5. ಅದರಲ್ಲಿ ಹೆಚ್ಚಿನದು ಹಿಮವಾಗಿ ಗಟ್ಟಿಯಾಗಿದೆ, ಉಳಿದುದರಲ್ಲಿ ಬಹುಪಾಲು ನೆಲದೊಳಗಿದೆ. ಕಣ್ಣಿಗೆ ಕಾಣುವ ಹೊಳೆ, ಕೆರೆ, ಸರೋವರಗಳು ಭೂಮಿಯ ಮೇಲ್ಮೈಯಲ್ಲಿ ಆವರಿಸುವ ಜಾಗ ಶೇ 1ಕ್ಕಿಂತ ಕಡಿಮೆ. ಇಷ್ಟು ಸಣ್ಣ ಜಾಗದಲ್ಲಿ ನಮಗೆ ಗೊತ್ತಿರುವ ಪ್ರಾಣಿಜಾತಿಗಳಲ್ಲಿ ಹತ್ತರಲ್ಲೊಂದು ಪಾಲು ಬದುಕುತ್ತಿದೆ. ಮೀನಿನ ಜಾತಿಗಳಲ್ಲಂತೂ ಹೆಚ್ಚುಕಡಿಮೆ ಅರ್ಧ ಸಿಹಿನೀರಿನವು.

ಈಗ ಬತ್ತಿದ ಕೆರೆಯ ಅಂಗಳಕ್ಕೆ ಇಳಿಯೋಣ. ಬಿರುಕು ಬಿಟ್ಟ ಆ ಮಣ್ಣಿನಲ್ಲಿ ನೀರುಚಿಗಟದ ಮೊಟ್ಟೆಗಳಿವೆ. ನೀರುಚಿಗಟ ಅಂದರೆ ಸಾಸಿವೆಗಿಂತ ಚಿಕ್ಕ ಜೀವಿ, ನೀರಿನಲ್ಲಿ ಕುಪ್ಪಳಿಸುತ್ತ ಪಾಚಿ ತಿಂದು ಬದುಕುತ್ತದೆ. ನೀರು ಕಡಿಮೆಯಾಗುತ್ತ ಬಂದಾಗ ಅದು ಬೇರೆ ಥರದ ಮೊಟ್ಟೆ ಇಡುತ್ತದೆ. ಈ ಮೊಟ್ಟೆಗೆ ಗಟ್ಟಿ ಹೊದಿಕೆ ಇರುತ್ತದೆ. ಬಿಸಿಲಿಗೆ ಒಣಗಿದರೂ ಕೆಡುವುದಿಲ್ಲ. ಸರೋವರದ ತಳದ ಹೂಳಿನಲ್ಲಿ ದಶಕಗಳ ಕಾಲ ಹೂತಿದ್ದ ಇಂಥ ಮೊಟ್ಟೆಗಳನ್ನು ವಿಜ್ಞಾನಿಗಳು ತೆಗೆದು ಮರಿ ಮಾಡಿಸಿದ್ದಾರೆ. ಕೆರೆಯ ಹಕ್ಕಿಗಳ ಕಾಲಿನ ಕೆಸರಿನಲ್ಲಿ ಅಂಟಿಕೊಂಡು ಇವು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವುದೂ ಉಂಟು.

ಅದೇ ಮಣ್ಣಿನಲ್ಲಿ ನೀರಿನ ದೊಡ್ಡ ಬಸವನಹುಳು ಚಿಪ್ಪಿನ ಬಾಗಿಲು ಮುಚ್ಚಿಕೊಂಡು ಮಲಗಿರುತ್ತದೆ. ಜೊಂಡಿನ ಗೆಡ್ಡೆ, ನೀರುಗಿಡಗಳ ಬೀಜ ಕಾಯುತ್ತಿರುತ್ತವೆ. ಕೊರವ ಮೀನು ಹಸಿ ಇರುವ ಕೆಸರೊಳಗೆ ಸೇರಿಕೊಳ್ಳುತ್ತದೆ. ಅದಕ್ಕೆ ನೇರವಾಗಿ ಗಾಳಿಯನ್ನೇ ಉಸಿರಾಡುವ ಅಂಗ ಇದೆ. ಹಾಗಾಗಿ ಬೇರೆ ಮೀನುಗಳೆಲ್ಲ ಸಾಯುವ ಗುಂಡಿಯಲ್ಲೂ ಅದು ಉಳಿಯುತ್ತದೆ. ನಿಮ್ಮೂರ ಹಿರಿಯರನ್ನು ಕೇಳಿ. ನೀರಿನ ಮೇಲೆ ಕೆಂಪಗೆ ಕುದಿಯುವಂತೆ ಕಾಣುವ ಕೊರವದ ಮರಿಗಳ ಗುಂಪನ್ನೂ, ಅದರ ಕೆಳಗೆ ಕಾವಲು ಕಾಯುವ ದೊಡ್ಡ ಮೀನನ್ನೂ ಅವರು ನೋಡಿಯೇ ಇರುತ್ತಾರೆ.

ಒಣಗುವುದರಿಂದ ಮಣ್ಣಿಗೂ ಲಾಭ ಇದೆ. ಸದಾ ನೀರಿನಡಿ ಇರುವ ಕೆಸರಿಗೆ ಗಾಳಿ ತಾಗುವುದಿಲ್ಲ. ಕೊಳೆತ ಎಲೆ, ಸಗಣಿ, ಸತ್ತ ಗಿಡ ಎಲ್ಲ ಅರ್ಧಂಬರ್ಧ ಕೊಳೆತು ಕಪ್ಪಾಗಿ ವಾಸನೆ ಬರುತ್ತದೆ. ಬಿರುಕಿನಲ್ಲಿ ಗಾಳಿ ಆಡಿದಾಗ ಆ ಕೊಳೆತ ಪೂರ್ತಿಯಾಗಿ ಗೊಬ್ಬರವಾಗುತ್ತದೆ. ಅದಕ್ಕೇ ನಮ್ಮ ರೈತರು ಬೇಸಿಗೆಯಲ್ಲಿ ಗೋಡುಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಹೂಳೂ ಹೋಗುತ್ತಿತ್ತು, ಹೊಲವೂ ಫಲವತ್ತಾಗುತ್ತಿತ್ತು.

ಮಳೆ ಬಿದ್ದು ಹೊಸ ನೀರು ಬಂತು ಅಂದರೆ ಇವೆಲ್ಲ ಒಟ್ಟಿಗೆ ಎದ್ದೇಳುತ್ತವೆ. ಮೊದಲು ಪಾಚಿ, ಅದನ್ನು ತಿನ್ನುವ ನೀರುಚಿಗಟ, ಕಪ್ಪೆಯ ಗೊದಮೊಟ್ಟೆ. ಹೊಸ ನೀರಿನಲ್ಲಿ ದೊಡ್ಡ ಮೀನುಗಳು ಕಡಿಮೆ. ಇದು ಬಹಳ ಮುಖ್ಯ. ಮೊಟ್ಟೆ ಮರಿಗಳನ್ನು ತಿನ್ನುವವರು ಇಲ್ಲದ ಹೊತ್ತು ನೋಡಿಯೇ ಎಷ್ಟೋ ಜೀವಿಗಳು ಸಂಸಾರ ಹೂಡುತ್ತವೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಅಂತ ಕರೆಯುವ ಡ್ರ್ಯಾಗನ್‌ಫ್ಲೈ ಇವುಗಳಲ್ಲಿ ಒಂದು. ಹಾರುವ ಕೆಲವೇ ವಾರಗಳನ್ನು ಬಿಟ್ಟರೆ ಅದರ ಬದುಕೆಲ್ಲ ನೀರಿನಲ್ಲೇ. ಮರಿಯಾಗಿದ್ದಾಗ ಕೆಳದುಟಿಯನ್ನು ಸರಕ್ಕನೆ ಮುಂದೆ ಚಾಚಿ ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತದೆ.

ಇದರಲ್ಲಿ ಹಳದಿ ಬಣ್ಣದ ಒಂದು ಜಾತಿ ಇದೆ, ಗ್ಲೋಬ್ ಸ್ಕಿಮ್ಮರ್. ಮಳೆಗಾಲದ ಕೊನೆಗೆ ಹೊಲಗಳ ಮೇಲೆ ಹಿಂಡುಹಿಂಡಾಗಿ ಹಾರುವುದು ಇದೇ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಅಕ್ಟೋಬರ್ ಹೊತ್ತಿಗೆ ಆ ದ್ವೀಪಗಳಲ್ಲಿ ಲಕ್ಷಗಟ್ಟಲೆ ಡ್ರ್ಯಾಗನ್‌ಫ್ಲೈಗಳು ಇಳಿಯುವುದನ್ನು ಕಂಡರು. ಅಲ್ಲಿ ಅವು ಮೊಟ್ಟೆಯಿಡುವಂಥ ಸಿಹಿನೀರಿನ ಹೊಂಡಗಳೇ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಎಲ್ಲಿಂದ ಬಂದವು, ಎಲ್ಲಿಗೆ ಹೊರಟಿವೆ? ವರ್ಷಗಟ್ಟಲೆ ಲೆಕ್ಕ ಇಟ್ಟು 2009ರಲ್ಲಿ ಅವರು ಪ್ರಕಟಿಸಿದ ಉತ್ತರ: ಭಾರತದಿಂದ ಹೊರಟು, ಹಿಂದೂ ಮಹಾಸಾಗರ ದಾಟಿ, ಪೂರ್ವ ಆಫ್ರಿಕಾಕ್ಕೆ. ನಮ್ಮ ದೇಶದ ಮಳೆನೀರಿನ ಹೊಂಡಗಳಲ್ಲಿ ಆರೇಳು ವಾರದಲ್ಲಿ ಬೆಳೆದ ಕೀಟ ಅಷ್ಟು ದೂರ ಹೋಗುತ್ತದೆ. ಇದನ್ನು ನಿಮ್ಮ ತರಗತಿಯಲ್ಲಿ ಖಂಡಿತ ಹೇಳಿ. ಬತ್ತುವ ನೀರಿನಲ್ಲಿ ಎಂಥ ಜೀವ ಇರುತ್ತೆ ಅಂತ ಕೇಳಿದ ಹುಡುಗನಿಗೆ ಇದು ಇಷ್ಟವಾಗುತ್ತದೆ.

ಇನ್ನು ಕೆರೆಯ ಅಂಚಿನ ಮಾತು. ಗ್ರಾಮಸಭೆಯಲ್ಲಿ ನಿಮಗೆ ಜಾಸ್ತಿ ಬೇಕಾಗುವುದು ಇದು. ಕೆರೆಯಲ್ಲಿ ಜೀವ ಹೆಚ್ಚಾಗಿರುವುದು ನಡುವಿನ ಆಳದಲ್ಲಿ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಬಿಸಿಲು ತಳ ಮುಟ್ಟುವುದು ಅಂಚಿನಲ್ಲಿ. ಬಿಸಿಲು ತಳ ಮುಟ್ಟಿದಲ್ಲಿ ಗಿಡ ಬೇರು ಬಿಡುತ್ತದೆ. ಗಿಡ ಇದ್ದಲ್ಲಿ ಮೀನು ಮೊಟ್ಟೆ ಇಡುತ್ತದೆ, ಮರಿ ಅಡಗುತ್ತದೆ. ಡ್ರ್ಯಾಗನ್‌ಫ್ಲೈ ಮರಿ ರೆಕ್ಕೆ ಬಿಚ್ಚುವ ದಿನ ನೀರಿನಿಂದ ಮೇಲೆ ಹತ್ತಲು ಜೊಂಡಿನ ಕಡ್ಡಿಯಂಥದ್ದೊಂದು ಬೇಕು. ನಾಮದಕೋಳಿ ಗೂಡು ಕಟ್ಟುವುದು ಜೊಂಡಿನ ಸೆರಗಿನಲ್ಲಿ. ತೇಲುವ ಎಲೆಗಳ ಮೇಲೆ ನಡೆಯುವ ದೇವನಕ್ಕಿ ಮೊಟ್ಟೆ ಇಡುವುದೂ ಎಲೆಗಳ ಮೇಲೆಯೇ, ಕಾವು ಕೊಡುವುದು ಗಂಡು.

ನಿಮ್ಮ ತಾಲ್ಲೂಕಿನದೇ ಉದಾಹರಣೆ ಕೊಡುತ್ತೇನೆ. ಕಗ್ಗಲಡು ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವುಗಳನ್ನು ಊರವರು ಕಾಪಾಡಿಕೊಂಡು ಬಂದಿದ್ದಾರೆ. ಈ ಕೊಕ್ಕರೆ ಮೀನನ್ನು ಕಣ್ಣಿನಿಂದ ನೋಡಿ ಹಿಡಿಯುವುದಲ್ಲ. ಕಲಕಿದ ನೀರಿನಲ್ಲಿ ಕೊಕ್ಕನ್ನು ಅರೆತೆರೆದು ಇಳಿಬಿಟ್ಟು, ತಲೆಯನ್ನು ಅತ್ತಿತ್ತ ಆಡಿಸುತ್ತ ನಡೆಯುತ್ತದೆ. ಮೀನು ತಾಗಿದ ಕೂಡಲೇ ಕೊಕ್ಕು ಮುಚ್ಚುತ್ತದೆ. ಇದಕ್ಕೆ ಬೇಕಾದ್ದು ನಿಂತು ನಡೆಯುವಷ್ಟೇ ನೀರು, ಅದರಲ್ಲಿ ಒತ್ತೊತ್ತಾಗಿ ಮೀನು. ಕೆರೆ ಇಳಿಯುತ್ತ ಹೋದಾಗ ಮಾತ್ರ ಅಂಥ ನೀರು ಸಿಗುತ್ತದೆ. ಸುತ್ತಲಿನ ಕೆರೆಗಳನ್ನೆಲ್ಲ ಆಳವಾಗಿ ಅಗೆದು ನಾಲ್ಕೂ ಕಡೆ ಕಲ್ಲು ಕಟ್ಟಿದರೆ ಹುಣಸೆಮರ ಇರುತ್ತದೆ, ಊರವರ ಪ್ರೀತಿ ಇರುತ್ತದೆ, ಮರಿಗಳಿಗೆ ಊಟ ಇರುವುದಿಲ್ಲ. ಅಂಥ ಕೆರೆ ದೊಡ್ಡದೊಂದು ನೀರಿನ ತೊಟ್ಟಿಯಷ್ಟೇ.

ಕೆಲವರು ಹೇಳಬಹುದು, ಕೆರೆಯೇ ಮನುಷ್ಯ ಕಟ್ಟಿದ್ದು, ಅದನ್ನು ಬದಲಾಯಿಸಿದರೆ ಏನು ತಪ್ಪು ಅಂತ. ಒಳ್ಳೆಯ ಪ್ರಶ್ನೆಯೇ. ಜಗತ್ತಿನ ಮಹತ್ವದ ಜೌಗು ಪ್ರದೇಶಗಳನ್ನು ಗುರುತಿಸುವ ರಾಮ್ಸಾರ್ ಪಟ್ಟಿಗೆ 2024ರ ಜನವರಿಯಲ್ಲಿ ಸೇರಿದ ನಮ್ಮ ರಾಜ್ಯದ ಮೂರು ಜಾಗಗಳಲ್ಲಿ ಎರಡು ಹಳ್ಳಿಯ ನೀರಾವರಿ ಕೆರೆಗಳು. ಒಂದು ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲ ಹೊಲಗಳಲ್ಲಿ ಮೇಯ್ದು ಇಲ್ಲಿ ತಂಗುತ್ತವೆ. ಇನ್ನೊಂದು ವಿಜಯನಗರ ಜಿಲ್ಲೆಯ ಅಂಕಸಮುದ್ರ. ನೀರಿನ ನಡುವೆ ನಿಂತ ಜಾಲಿಮರಗಳೇ ಅಲ್ಲಿ ಹಕ್ಕಿಗಳಿಗೆ ಮನೆ. ಮನುಷ್ಯರು ಕಟ್ಟಿದ ಕೆರೆಗಳು ಹೀಗಾಗಿದ್ದು ಹೇಗೆ? ಕಟ್ಟಿದವರು ಏರಿಯನ್ನು ಒಂದೇ ಕಡೆ ಹಾಕಿದರು. ಉಳಿದ ಕಡೆ ನೆಲ ತನ್ನ ಇಳಿಜಾರಿನಲ್ಲೇ ನೀರಿಗೆ ಇಳಿಯಿತು.

ಹಾಗಾಗಿ ಸಭೆಯಲ್ಲಿ ಹೀಗೆ ಹೇಳಬಹುದು. ಹೂಳು ತೆಗೆಯುವುದು ಬೇಡ ಅನ್ನಬೇಡಿ. ತೆಗೆಯಲೇಬೇಕು. ಆದರೆ ತೂಬಿನ ಕಡೆ ಆಳ ಇರಲಿ, ನೀರು ಒಳಬರುವ ಕಡೆ ಇಳಿಜಾರು ಹಾಗೇ ಉಳಿಯಲಿ. ಏರಿಯ ಬುಡಕ್ಕೆ ತೀರಾ ಹತ್ತಿರ ಅಗೆದರೆ ಏರಿಗೇ ಅಪಾಯ. ಏರಿಯ ಒಳಮೈಗೆ ಕಲ್ಲು ಬೇಕು, ಅದು ಅಲೆಯಿಂದ ಕಾಪಾಡುತ್ತದೆ. ಉಳಿದ ಸುತ್ತಿಗೆ ಕಲ್ಲು ಕಟ್ಟುವ ದುಡ್ಡನ್ನು ರಾಜಕಾಲುವೆ ಸರಿಮಾಡಲು ಹಾಕಿ. ಜೊಂಡು ತೂಬಿಗೆ, ಕೋಡಿಗೆ ಅಡ್ಡ ಬಂದಲ್ಲಿ ತೆಗೆಯಲಿ, ಒಂದು ಮೂಲೆಯಲ್ಲಾದರೂ ಬಿಡಲಿ.

ಊರಿನ ಚರಂಡಿ ಕೆರೆಗೆ ಸೇರುತ್ತಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ತಪ್ಪಿಸಬೇಕು. ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇನೆ. 25 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಕರಗಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಚರಂಡಿಯಲ್ಲಿ, ಹೊಲದ ಗೊಬ್ಬರದಲ್ಲಿ ಇರುವ ಸಾರಜನಕ, ರಂಜಕ ಸೇರಿದರೆ ಪಾಚಿ ಮಿತಿಮೀರಿ ಬೆಳೆಯುತ್ತದೆ. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ನಿಜ. ರಾತ್ರಿ ಅದೂ ಉಸಿರಾಡುತ್ತದೆ. ಕೊಳೆಯುವ ಪಾಚಿಯನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಆಮ್ಲಜನಕ ಎಳೆಯುತ್ತವೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಅದಕ್ಕೇ. ಒಂದೇ ರಾತ್ರಿಯಲ್ಲಿ ಕೆರೆ ತುಂಬ ಮೀನು ಸತ್ತರೆ ಯಾರೋ ವಿಷ ಹಾಕಿದರು ಅಂತ ಸುಮ್ನೆ ಜಗಳ ಆಗುತ್ತದೆ. ಎಷ್ಟೋ ಸಲ ಕಾರಣ ಈ ಉಸಿರುಗಟ್ಟುವಿಕೆ.

ಮೀನು ಬಿಡುವುದು ಒಳ್ಳೆಯದೇ ಅಲ್ವಾ ಅಂತ ಕೇಳಿದ್ದೀರಿ. ಯಾವ ಮೀನು ಅನ್ನುವುದರ ಮೇಲಿದೆ. ಕಾವೇರಿಯ ಕಥೆ ಕೇಳಿ. ಅಲ್ಲಿನ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಶೀರ್, ಪ್ರಪಂಚದಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇದೆ. 1946ರಲ್ಲಿ ಕಬಿನಿಯಲ್ಲಿ ಸಿಕ್ಕ ಒಂದು ಮೀನು 120 ಪೌಂಡ್, ಅಂದರೆ ಸುಮಾರು 54 ಕೆಜಿ ತೂಗಿತ್ತು. ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದಲೇ ಮಹಾರಾಷ್ಟ್ರದ ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಬೇರೆ ಜಾತಿಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ಚೆನ್ನಾಗಿ ಬೆಳೆದವು, ಮೂಲದ ಮೀನು ಹಿಂದೆ ಸರಿಯಿತು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದಿನ ಮೀನುಗಾರಿಕೆ ಕೂಡ ಸೇರಿಕೊಂಡವು. ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾಗಿದ್ದೇ 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಹೀಗಾಗಬಹುದು ಅನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ.

ನಿಮ್ಮ ಕೆರೆಗೆ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್ ಬೇಡವೇ ಬೇಡ. ಸೊಳ್ಳೆಗೆಂದು ಗಂಬೂಸಿಯಾ ಬಿಡುತ್ತೇವೆ ಅಂದರೂ ಒಪ್ಪಬೇಡಿ. ಅದು ಊರಿನ ಸಣ್ಣ ಮೀನುಗಳ ಮೊಟ್ಟೆ ಮರಿಗಳನ್ನೂ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಮಾರಾಟಕ್ಕೆ ಕಾಟ್ಲ, ರೋಹು ಬೆಳೆಸಬೇಕು ಅಂದರೆ ಲೆಕ್ಕ ಮೀರದಷ್ಟು ಬಿಡಲಿ, ಗೆಂಡೆ, ಕೊರವಗಳಿಗೂ ಜಾಗ ಇರಲಿ.

ಹೊಳೆಗಳ ಬಗ್ಗೆಯೂ ಪಾಠದಲ್ಲಿ ಬರುತ್ತದಲ್ಲ, ಒಂದೇ ಮಾತು. ಮಲೆನಾಡಿನ ಹಳ್ಳಗಳಲ್ಲಿ ನೀರು ಕಲ್ಲಿಗೆ ಬಡಿದು ಗಾಳಿ ಬೆರೆಸಿಕೊಳ್ಳುತ್ತದೆ. ಅಲ್ಲಿನ ಜೀವಿಗಳಿಗೆ ತಂಪು, ಹರಿವು, ನೆರಳು ಬೇಕು. ಉತ್ತರ ಕನ್ನಡದ ಹಳ್ಳಗಳಲ್ಲಿ ಒಂದು ಪುಟ್ಟ ಕಪ್ಪೆ ಇದೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಮುಂಗಾಲುಗಳಲ್ಲಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ಗುರುರಾಜ ಕೆ.ವಿ. ಮತ್ತು ಜೊತೆಗಾರರು ಅದನ್ನು ಜಗತ್ತಿಗೆ ಪರಿಚಯಿಸಿದಾಗ ಕುಂಬಾರ ಕಪ್ಪೆ ಅಂತಲೇ ಹೆಸರಿಟ್ಟರು.

ಮಕ್ಕಳಿಗೆ ತೋರಿಸಲು ದೊಡ್ಡ ಸಲಕರಣೆ ಬೇಡ. ಒಂದು ಬಿಳಿ ತಟ್ಟೆ, ಟೀ ಸೋಸುವ ಜಾಲರಿ, ಒಂದು ಭೂತಗನ್ನಡಿ ಸಾಕು. ಅಂಚಿನ ಗಿಡಗಳ ಬುಡದಲ್ಲಿ ಜಾಲರಿ ಆಡಿಸಿ, ತಟ್ಟೆಯ ನೀರಿಗೆ ಕೊಡವಿ, ಎರಡು ನಿಮಿಷ ಅಲುಗಾಡದೆ ನೋಡಲು ಹೇಳಿ. ನೋಡಿ ಆದಮೇಲೆ ಮತ್ತೆ ಕೆರೆಗೇ ಬಿಡಿ. ಬೇಸಿಗೆಯಾಗಿದ್ದರೆ ಅಂಗಳದ ಒಣಮಣ್ಣು ಒಂದು ಹಿಡಿ ತಂದು, ಮಳೆನೀರು ತುಂಬಿದ ಗಾಜಿನ ಜಾಡಿಗೆ ಹಾಕಿ ಬೆಳಕು ಬೀಳುವ ಕಿಟಕಿಯಲ್ಲಿಡಿ. ಒಂದೆರಡು ವಾರ ದಿನಾ ನೋಡಲಿ. ಜಾಡಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಸೊಳ್ಳೆ ಬರದ ಹಾಗೆ.

ಇನ್ನು ಆ ಕೆಂಪು ಹುಳುಗಳು. ಕೆಸರು ಕೆದಕಿದಾಗ ದಾರದಂತೆ ಕೆಂಪಗೆ ನುಲಿಯುತ್ತಿದ್ದವು, ಮಕ್ಕಳು ಹೆದರಿ ಕೈ ತೆಗೆದರು, ಕಚ್ಚುತ್ತವಾ ಅಂತ ಕೇಳಿದ್ದೀರಿ. ನೀವು ಬರೆದ ಗುರುತು ನೋಡಿದರೆ ಅವು ಮಿಡ್ಜ್ ಎಂಬ ನೊಣದ ಮರಿಗಳಿರಬೇಕು. ಕಚ್ಚುವುದಿಲ್ಲ. ದೊಡ್ಡದಾದ ಮೇಲೂ ಈ ಜಾತಿಯವು ಕಚ್ಚುವುದಿಲ್ಲ, ನೋಡಲು ಮಾತ್ರ ಸೊಳ್ಳೆಯ ಹಾಗೆ. ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಇರುವುದರಿಂದ ಆ ಕೆಂಪು ಬಣ್ಣ. ಅದರ ಬಲದಿಂದ ಆಮ್ಲಜನಕ ತೀರಾ ಕಡಿಮೆ ಇರುವ ಕೆಸರಿನಲ್ಲೂ ಬದುಕುತ್ತವೆ. ಮೀನಿಗೂ ಹಕ್ಕಿಗೂ ಒಳ್ಳೆಯ ಆಹಾರ. ಬೇರೆ ಹುಳುಗಳ ಜೊತೆ ಇವೂ ಇದ್ದರೆ ಚಿಂತೆ ಬೇಡ. ಎಲ್ಲಿ ಕೆದಕಿದರೂ ಬರೀ ಇವೇ ಸಿಕ್ಕಿದರೆ ಅಲ್ಲಿಗೆ ಚರಂಡಿ ನೀರು ಬರುತ್ತಿದೆಯಾ ಅಂತ ನೋಡಿ, ಸಿಕ್ಕ ಜಾಗವನ್ನು ಕೆರೆಯ ನಕ್ಷೆಯಲ್ಲಿ ಮಕ್ಕಳ ಕೈಯಲ್ಲೇ ಗುರುತು ಮಾಡಿಸಿ ಸಭೆಗೆ ತೆಗೆದುಕೊಂಡು ಹೋಗಿ.

– ಸಂಪಾದಕ