ವಿದೇಶಿ ಕಂಪನಿಯೊಂದು ವಿಕಿಪೀಡಿಯ ಲೇಖನಕ್ಕೆ ಅರ್ಹವೇ ಎಂದು ನಿರ್ಧರಿಸುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವ ನೀವು, ನಿಮ್ಮಲ್ಲಿಂದ ಕಾಸ್ಟಿಂಗ್ ತರಿಸಿಕೊಳ್ಳುವ ಜರ್ಮನಿಯ ಹೈಡ್ರಾಲಿಕ್ ವಾಲ್ವ್ ಕಂಪನಿಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆಯಬಹುದೇ ಎಂದು ಕೇಳಿದ್ದೀರಿ, ಐದು ಕೊಂಡಿಗಳನ್ನೂ ಕೊಟ್ಟಿದ್ದೀರಿ. ನಾನೂ ಇದೇ ಊರಿನವನು. ಕನ್ನಡ ವಿಕಿಪೀಡಿಯದಲ್ಲಿ ಕೆಲವು ವರ್ಷಗಳಿಂದ ಬರೆಯುತ್ತಿದ್ದೇನೆ. ಐದನ್ನೂ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಸದ್ಯದ ಆಧಾರಗಳ ಮೇಲೆ ಲೇಖನ ನಿಲ್ಲುವುದಿಲ್ಲ, ಆದರೆ ಹುಡುಕುವುದನ್ನು ಕೈಬಿಡುವಂತೆಯೂ ಇಲ್ಲ.

ಕಂಪನಿ ಎಷ್ಟು ದೊಡ್ಡದು, ಎಷ್ಟು ಹಳೆಯದು, ಎಷ್ಟು ದೇಶಗಳಲ್ಲಿ ಮಾರಾಟ ಮಾಡುತ್ತದೆ ಎಂಬುದರಿಂದ ಈ ಪ್ರಶ್ನೆ ತೀರ್ಮಾನವಾಗುವುದಿಲ್ಲ. ಕಂಪನಿಗೆ ಯಾವ ರೀತಿಯಲ್ಲೂ ಸಂಬಂಧಪಡದವರು, ನಂಬಬಹುದಾದ ಪ್ರಕಟಣೆಗಳಲ್ಲಿ, ತಾವಾಗಿಯೇ ವಿಚಾರಿಸಿ, ಅದರ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆಯೇ ಎಂಬುದೊಂದೇ ಇಲ್ಲಿ ಮುಖ್ಯ. ಅಂಥ ಬರಹ ಒಂದಿದ್ದರೆ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಪ್ರತಿ ಭಾಷೆಯ ವಿಕಿಪೀಡಿಯವೂ ತನ್ನ ನಿಯಮಗಳನ್ನು ತಾನೇ ಮಾಡಿಕೊಳ್ಳುತ್ತದೆ. ಕಂಪನಿಗಳ ವಿಷಯದಲ್ಲಿ ಇಂಗ್ಲಿಷ್ ವಿಕಿಪೀಡಿಯದ ಮಾನದಂಡ ಬಹಳ ವಿವರವಾಗಿಯೂ ಬಿಗಿಯಾಗಿಯೂ ಇರುವುದರಿಂದ ನಾನು ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ.

ಈಗ ನಿಮ್ಮ ಕೊಂಡಿಗಳಿಗೆ ಬರೋಣ. ಮೊದಲನೆಯದು ಕಂಪನಿಯದೇ ಜಾಲತಾಣದ ಇತಿಹಾಸ ಪುಟ. ಲೇಖನ ಸಿದ್ಧವಾದ ಮೇಲೆ ಸ್ಥಾಪನೆಯ ವರ್ಷವನ್ನೋ ಕಚೇರಿಯ ಊರನ್ನೋ ಹೇಳಲು ಅದನ್ನು ಬಳಸಬಹುದು, ಅರ್ಹತೆಯ ಲೆಕ್ಕಕ್ಕೆ ಅದು ಬರುವುದಿಲ್ಲ. ಹೊಸ ಘಟಕ ಆರಂಭವಾದ ಸುದ್ದಿಯ ಎರಡು ಕೊಂಡಿಗಳನ್ನು ಅಕ್ಕಪಕ್ಕದಲ್ಲಿ ತೆರೆದು ನೋಡಿ: ಎರಡನೆಯ ಪ್ಯಾರಾ ಎರಡರಲ್ಲೂ ಅಲ್ಪವಿರಾಮ ಸಹಿತ ಒಂದೇ ಆಗಿದೆ, ವರದಿಗಾರರ ಹೆಸರು ಎಲ್ಲಿಯೂ ಇಲ್ಲ, ಒಂದರ ಕೊನೆಯಲ್ಲಂತೂ ಕಂಪನಿಯ ಪ್ರಚಾರ ವಿಭಾಗದ ದೂರವಾಣಿ ಸಂಖ್ಯೆ ಹಾಗೆಯೇ ಉಳಿದುಕೊಂಡಿದೆ. ಇದು ಕಂಪನಿ ಹೊರಡಿಸಿದ ಪತ್ರಿಕಾ ಪ್ರಕಟಣೆ. ಎಷ್ಟು ತಾಣಗಳಲ್ಲಿ ಅಚ್ಚಾದರೂ ಅದು ಸ್ವತಂತ್ರ ಮೂಲವಾಗುವುದಿಲ್ಲ. ನಾಲ್ಕನೆಯದು ಆಡಳಿತ ನಿರ್ದೇಶಕರ ಸಂದರ್ಶನ. ಪ್ರಶ್ನೆ ಪತ್ರಕರ್ತರದ್ದಾದರೂ ಉತ್ತರವೆಲ್ಲ ಕಂಪನಿಯದೇ. ವರನ ಗುಣವನ್ನು ವರನ ಮನೆಯವರನ್ನೇ ಕೇಳಿ ತಿಳಿದುಕೊಂಡಂತೆ.

ಐದನೆಯದನ್ನು ನೀವು ಸ್ವಲ್ಪ ಹಿಂಜರಿಕೆಯಿಂದಲೇ ಸೇರಿಸಿದಂತಿದೆ. ಹಳೆಯ ಕಾರ್ಖಾನೆಯೊಂದನ್ನು ಮುಚ್ಚಿದಾಗ ಅಲ್ಲಿಯ ಪ್ರಾದೇಶಿಕ ದಿನಪತ್ರಿಕೆ ಬರೆದ ದೀರ್ಘ ವರದಿ ಅದು. ವರದಿಗಾರರು ಕಾರ್ಮಿಕ ಸಂಘದವರನ್ನು ಮಾತನಾಡಿಸಿದ್ದಾರೆ, ಪುರಸಭೆಯ ನಿಲುವನ್ನು ಕೇಳಿದ್ದಾರೆ, ಆ ಊರಿನಲ್ಲಿ ಕಂಪನಿ ಬೆಳೆದ ಬಗೆಯನ್ನು ತಾವೇ ಹುಡುಕಿ ಬರೆದಿದ್ದಾರೆ. ಕಂಪನಿಗೆ ಹಿತವಾಗದ ಬರಹವಿರಬಹುದು, ಆದರೆ ಐದರಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಇದೊಂದೇ. ಇಂಥ ಇನ್ನೊಂದೆರಡು ಸಿಕ್ಕರೆ ನನ್ನ ಉತ್ತರ ಬದಲಾಗುತ್ತದೆ.

ಅವುಗಳನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹುಡುಕಿ ನಿರಾಶರಾಗಬೇಡಿ. ಮೂಲ ಯಾವ ಭಾಷೆಯಲ್ಲಿದ್ದರೂ ಸರಿ. ಇಲ್ಲಿಯವರು ಹೆಸರು ಕೇಳಿಲ್ಲ ಎಂಬ ಕಾರಣಕ್ಕೆ ವಿದೇಶಿ ಕಂಪನಿಯನ್ನು ತಳ್ಳಿಹಾಕುವುದು ಅನ್ಯಾಯ. ಕಂಪನಿಯ ಹೆಸರಿನ ಜೊತೆಗೆ ಅದರ ಊರಿನ ಹೆಸರನ್ನೂ ಜರ್ಮನ್ ಕಾಗುಣಿತದಲ್ಲೇ ಕೊಟ್ಟು ಅಲ್ಲಿಯ ಪ್ರಾದೇಶಿಕ ಪತ್ರಿಕೆಗಳಲ್ಲಿ, ಹಾಂಡೆಲ್ಸ್‌ಬ್ಲಾಟ್‌ನಂಥ ವಾಣಿಜ್ಯ ದಿನಪತ್ರಿಕೆಯಲ್ಲಿ, ಕೈಗಾರಿಕಾ ಇತಿಹಾಸದ ಪುಸ್ತಕಗಳಲ್ಲಿ ಹುಡುಕಿ. ಪುಸ್ತಕದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: ಐವತ್ತು, ನೂರು ವರ್ಷ ತುಂಬಿದಾಗ ಕಂಪನಿಗಳು ತಾವೇ ಹಣ ಕೊಟ್ಟು ಬರೆಸುವ ಸ್ಮರಣ ಸಂಪುಟಗಳು ಎಷ್ಟೇ ದಪ್ಪವಾಗಿದ್ದರೂ ಅವು ಕಂಪನಿಯ ಮಾತೇ.

ಜರ್ಮನ್ ವಿಕಿಪೀಡಿಯದಲ್ಲಿ ಈಗಾಗಲೇ ಲೇಖನವಿದೆಯಲ್ಲ ಎಂದಿದ್ದೀರಿ. ಅಲ್ಲಿ ಅಂಕಿಗಳ ಮಾನದಂಡವಿದೆ: 1000 ಪೂರ್ಣಕಾಲಿಕ ನೌಕರರು, ಅಥವಾ ವರ್ಷಕ್ಕೆ 10 ಕೋಟಿ ಯೂರೊಗಿಂತ ಹೆಚ್ಚಿನ ವಹಿವಾಟು, ಅಥವಾ 20 ಶಾಖೆಗಳು, ಹೀಗೆ ಯಾವುದಾದರೂ ಒಂದನ್ನು ದಾಟಿದ ಕಂಪನಿಗೆ ಅಲ್ಲಿ ಜಾಗ ಸಿಗಬಹುದು. ಹಾಗಾಗಿ ಅಲ್ಲಿಯ ಲೇಖನ ಇಲ್ಲಿಗೆ ಪುರಾವೆಯಾಗುವುದಿಲ್ಲ. ಆದರೆ ಅದರ ಕೊನೆಯಲ್ಲಿರುವ ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡಿ. ನಿಮಗೆ ಬೇಕಾದದ್ದು ಅಲ್ಲಿಯೇ ಸಿಗುವ ಸಾಧ್ಯತೆ ಹೆಚ್ಚು.

ಆ ಕಂಪನಿಗೆ ಬೆಳಗಾವಿಯೊಂದಿಗಿರುವ ನಂಟಿನ ಬಗ್ಗೆ ನೀವು ಬರೆದದ್ದು ನನ್ನ ಮನಸ್ಸಿಗೂ ಹತ್ತಿರದ ವಿಷಯ. ಯಮನಾಪುರದ ಅಲ್ಯುಮಿನಾ ಕಾರ್ಖಾನೆಯನ್ನು ಊರಿನ ಹಿರಿಯರು ಇಂದಿಗೂ ಇಂಡಾಲ್ (ಇಂಡಿಯನ್ ಅಲ್ಯುಮಿನಿಯಂ ಕಂಪನಿಯ ಚಿಕ್ಕ ಹೆಸರು) ಎನ್ನುತ್ತಾರೆ. ಇಂಡಾಲ್‌ನಲ್ಲಿದ್ದ ತನ್ನ ಪಾಲನ್ನು ಕೆನಡಾದ ಆಲ್ಕನ್ ಕಂಪನಿ 2000ದಲ್ಲಿ ಹಿಂಡಾಲ್ಕೊಗೆ ಮಾರಿತು; ಮುಂದೆ 2007ರಲ್ಲಿ ಆಲ್ಕನ್ನನ್ನೇ ರಿಯೊ ಟಿಂಟೊ ಕೊಂಡುಕೊಂಡಿತು. ಆಲ್ಕನ್ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಲೇಖನವಿರಬೇಕೆಂದು ನನಗೆ ಆಸೆಯಾಗುವುದು ಯಮನಾಪುರದ ಕಾರಣಕ್ಕೆ. ಆದರೆ ಆ ಲೇಖನಕ್ಕೆ ಅರ್ಹತೆ ಬರುವುದು ಯಮನಾಪುರದಿಂದಲ್ಲ, ಆ ಕಂಪನಿಯ ಬಗ್ಗೆ ಹೊರಗಿನವರು ದಶಕಗಳ ಕಾಲ ಬರೆದಿಟ್ಟ ವರದಿಗಳಿಂದ, ಪುಸ್ತಕಗಳಿಂದ. ನಿಮ್ಮ ವಾಲ್ವ್ ಕಂಪನಿಗೂ ಇದೇ ನ್ಯಾಯ. ಅದು ಹೆಸರಾಂತ ಯಂತ್ರ ತಯಾರಕರಿಗೆ ಮಾಲು ಕೊಡುತ್ತದೆ ಎಂದ ಮಾತ್ರಕ್ಕೆ ಅವರ ಪ್ರಸಿದ್ಧಿ ಇದಕ್ಕೆ ಬರುವುದಿಲ್ಲ.

ಇನ್ನು ನಿಮ್ಮ ಸ್ಥಾನದ ಮಾತು. ಆ ಕಂಪನಿ ನಿಮ್ಮ ಫೌಂಡ್ರಿಯ ಗಿರಾಕಿ. ಈ ಸಂಬಂಧವನ್ನು ನಿಮ್ಮ ಸದಸ್ಯ ಪುಟದಲ್ಲಿಯೂ ಲೇಖನದ ಚರ್ಚೆ ಪುಟದಲ್ಲಿಯೂ ಸ್ಪಷ್ಟವಾಗಿ ಬರೆದುಬಿಡಿ. ಮಾಲೀಕರು ಹೇಳಿದ್ದರಿಂದ ಕೆಲಸದ ಭಾಗವಾಗಿ ಬರೆಯುವುದಾದರೆ ಅದನ್ನು ಹಣ ಪಡೆದು ಮಾಡುವ ಸಂಪಾದನೆ ಎಂದೇ ಎಣಿಸಲಾಗುತ್ತದೆ. ಅದನ್ನು ಬಹಿರಂಗಪಡಿಸುವುದು 2014ರಿಂದ ವಿಕಿಮೀಡಿಯದ ಬಳಕೆಯ ಷರತ್ತುಗಳಲ್ಲೇ ಕಡ್ಡಾಯ. ನೇರವಾಗಿ ಲೇಖನ ಹಾಕುವ ಬದಲು ನಿಮ್ಮ ಪ್ರಯೋಗಪುಟದಲ್ಲಿ ಕರಡು ಬರೆದು, ಕನ್ನಡ ವಿಕಿಪೀಡಿಯದ ಸದಸ್ಯರು ಚರ್ಚೆ ನಡೆಸುವ ಪುಟವಾದ ಅರಳಿಕಟ್ಟೆಯಲ್ಲಿ ಅಭಿಪ್ರಾಯ ಕೇಳಿ. ಆ ದಿನಪತ್ರಿಕೆಯ ವರದಿಯಂಥದ್ದು ಇನ್ನೊಂದು ಸಿಕ್ಕ ದಿನ ಇಲ್ಲಿಯೇ ಕೊಂಡಿ ಹಾಕಿ, ನಾನು ಓದಿ ಹೇಳುತ್ತೇನೆ.