ಎರಡು ಕ್ಲಚ್ಚಿನ ಕಾರು, ಮಣ್ಣಿನ ಓಟ

ಪ್ರಶ್ನೆ: ಅಣ್ಣ, ನಮಸ್ಕಾರ. ನನ್ನದು ಏಳು ಗೇರಿನ ಡ್ಯುಯಲ್ ಕ್ಲಚ್ (ಎರಡು ಕ್ಲಚ್ಚಿನ) ಆಟೋಮ್ಯಾಟಿಕ್ ಕಾರು, ಎಣ್ಣೆಯಿಲ್ಲದ ಡ್ರೈ ಕ್ಲಚ್. ಗೆಳೆಯರು ಹವ್ಯಾಸಕ್ಕೆಂದು ಮಣ್ಣಿನ ಟ್ರ್ಯಾಕಿನಲ್ಲಿ ರ‍್ಯಾಲಿಕ್ರಾಸ್ ಓಡಿಸುತ್ತಾರೆ. ಒಮ್ಮೆಗೆ ಒಂದೇ ಕಾರು, ಗಡಿಯಾರದ ಜೊತೆ ಸ್ಪರ್ಧೆ. ಎಲ್ಲರದೂ ಮ್ಯಾನುಯಲ್ ಗಾಡಿ. ‘ನಿನ್ನ ಕಾರು ತಂದರೆ ಎರಡೇ ಸುತ್ತಿಗೆ ಕ್ಲಚ್ ಸುಟ್ಟುಹೋಗುತ್ತದೆ’ ಎನ್ನುತ್ತಾರೆ. ನಿಜವೇ?
– ಓದುಗ, ಚಿತ್ರದುರ್ಗ

ಉತ್ತರ: ಸುಡುವುದುಂಟು. ಆದರೆ ನಿಮ್ಮ ಗೆಳೆಯರು ಅಂದುಕೊಂಡ ಜಾಗದಲ್ಲಿ ಅಲ್ಲ.

ಎರಡು ವರ್ಷದ ಕೆಳಗೆ ನಿಮ್ಮೂರಿನ ಹೊರಗೆ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಒಂದು ಶೇಂಗಾ ಹೊಲದಲ್ಲಿ ಇಂಥದೇ ಓಟವಿತ್ತು. ದಾವಣಗೆರೆಯ ನನ್ನ ಗ್ಯಾರೇಜಿಗೆ ಬರುವ ಹುಡುಗನೊಬ್ಬ ತನ್ನ ಡ್ರೈ ಕ್ಲಚ್ ಕಾರು ತಂದಿದ್ದ. ನಾನು ಅವನ ಪಕ್ಕದಲ್ಲಿ ಕುಳಿತಿದ್ದೆ. ನಮ್ಮ ಮುಂದೆ ಹತ್ತು ಹನ್ನೊಂದು ಕಾರುಗಳು, ಸಾಲು ಇದ್ದದ್ದು ಸಣ್ಣ ಏರಿನಲ್ಲಿ. ಮುಂದಿನ ಕಾರು ನಾಲ್ಕು ಅಡಿ ಸರಿದರೆ ಇವನೂ ನಾಲ್ಕು ಅಡಿ ಸರಿಯುತ್ತಿದ್ದ. ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರನ್ನೇ ತುಸು ಅದುಮಿ ಏರಿನಲ್ಲಿ ಗಾಡಿಯನ್ನು ತಡೆದು ನಿಲ್ಲಿಸುತ್ತಿದ್ದ. ಅರ್ಧ ಗಂಟೆಯಾಗುವಷ್ಟರಲ್ಲಿ ಅಕ್ಕಿ ಗಿರಣಿಯ ಬೆಲ್ಟ್ ಉಜ್ಜಿದಾಗ ಬರುತ್ತದಲ್ಲ, ಅಂಥ ಕಮಟು ವಾಸನೆ ಒಳಗೆ ತುಂಬಿತು. ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಮೀಟರಿನಲ್ಲಿ ಮಿನುಗತೊಡಗಿತು. ಅವನು ಆಗಿನ್ನೂ ಒಂದು ಸುತ್ತನ್ನೂ ಓಡಿರಲಿಲ್ಲ.

ಕಾರಣ ಸರಳವಾಗಿದೆ. ಈ ಗೇರ್ ಪೆಟ್ಟಿಗೆಯಲ್ಲಿ ಒಂದು ಕ್ಲಚ್ 1, 3, 5, 7ನೇ ಗೇರುಗಳನ್ನು ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6ನ್ನು. ಕ್ಲಚ್ ಪೂರ್ತಿ ಹಿಡಿದು ಎಂಜಿನ್ನಿನ ಜೊತೆ ಒಂದಾಗಿ ತಿರುಗುವಾಗ ಉಜ್ಜಾಟವಿಲ್ಲ, ಆದ್ದರಿಂದ ಅಲ್ಲಿ ಬಿಸಿಯೂ ಹುಟ್ಟುವುದಿಲ್ಲ. ಬಿಸಿ ಹುಟ್ಟುವುದು ಅರ್ಧ ಹಿಡಿದು ಅರ್ಧ ಜಾರುವಾಗ, ಅಂದರೆ ತೆವಳುವಾಗ, ಏರಿನಲ್ಲಿ ತಡೆದು ನಿಲ್ಲಿಸುವಾಗ, ಮೇಲಿಂದ ಮೇಲೆ ಹೊರಡುವಾಗ. ಡ್ರೈ ಕ್ಲಚ್ಚಿಗೆ ಆ ಬಿಸಿಯನ್ನು ಹೊತ್ತೊಯ್ಯುವ ಎಣ್ಣೆ ಇಲ್ಲ, ಸುತ್ತಲಿನ ಗಾಳಿಯೇ ಗತಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಆ ಗಾಳಿಯೂ ಕಾದಿರುತ್ತದೆ.

ಗಾಡಿಯನ್ನು ಸಾಲಿನಿಂದ ಈಚೆಗೆ ತರಿಸಿ ನ್ಯೂಟ್ರಲ್‌ನಲ್ಲಿ, ಕೈಬ್ರೇಕ್ ಎಳೆದು ನಿಲ್ಲಿಸಿದೆವು. ಎಚ್ಚರಿಕೆ ಆರಿ ವಾಸನೆ ಹೋಗುವವರೆಗೆ ಬೇವಿನ ಮರದ ಕೆಳಗೆ ಕಾದೆವು. ಮಧ್ಯಾಹ್ನ ಮೂರು ಸುತ್ತು ಓಡಿದ, ಏನೂ ಆಗಲಿಲ್ಲ. ನೀವೂ ಸಾಲಿನಲ್ಲಿ ಹಾಗೇ ಮಾಡಿ: ನ್ಯೂಟ್ರಲ್, ಕೈಬ್ರೇಕ್, ಮುಂದೆ ಮೂರು ಕಾರಿನಷ್ಟು ಜಾಗ ಖಾಲಿಯಾದ ಮೇಲೆ ಒಂದೇ ಸಲ ಸರಿಯಿರಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಮಣ್ಣು ಈ ಕ್ಲಚ್ಚಿಗೆ ಡಾಂಬರಿಗಿಂತ ಹಿತ ಎಂದರೆ ನಂಬುತ್ತೀರಾ? ಡಾಂಬರಿನಲ್ಲಿ ಟೈರು ಕಚ್ಚಿ ಹಿಡಿಯುವುದರಿಂದ ಹೊರಡುವಾಗಿನ ಒತ್ತಡವೆಲ್ಲ ಕ್ಲಚ್ಚಿನ ಮೇಲೆ ಬೀಳುತ್ತದೆ. ನಿಮ್ಮ ಕಡೆಯ ಗರಸು ಮಣ್ಣಿನಲ್ಲಿ ಕ್ಲಚ್ ಜಾರುವ ಮೊದಲು ಚಕ್ರವೇ ಜಾರುತ್ತದೆ. ಹಾಗೆಂದು ಲಾಂಚ್ ಕಂಟ್ರೋಲ್, ಅಂದರೆ ನಿಂತಲ್ಲಿಂದ ರಭಸವಾಗಿ ಹೊರಡಿಸುವ ಸೌಲಭ್ಯ, ಇದ್ದರೆ ಅದನ್ನು ಬಳಸಬೇಡಿ. ಸಡಿಲ ಮಣ್ಣಿನಲ್ಲಿ ಅದರಿಂದ ಗುಂಡಿ ತೋಡಿದಂತಾಗುತ್ತದೆಯೇ ಹೊರತು ಸಮಯ ಉಳಿಯುವುದಿಲ್ಲ. ಮೆಲ್ಲಗೆ ಬಿಟ್ಟು, ಉರುಳಿದ ತಕ್ಷಣ ಒತ್ತಿ.

ಇನ್ನು ಗೇರಿನ ಮಾತು. ಈ ಪೆಟ್ಟಿಗೆಯ ಕಂಪ್ಯೂಟರ್ ಮುಂದಿನ ಗೇರನ್ನು ಮೊದಲೇ ಊಹಿಸಿ ಸಿದ್ಧ ಮಾಡಿಟ್ಟುಕೊಳ್ಳುತ್ತದೆ. ರಸ್ತೆಯಲ್ಲಿ ಅದೇ ಅದರ ಬಲ. ಮಣ್ಣಿನಲ್ಲಿ ಚಕ್ರ ಬರಿದೇ ಗಿರ್ರನೆ ತಿರುಗಿದಾಗ ಗಾಡಿ ವೇಗ ಪಡೆಯಿತೆಂದು ಎಣಿಸಿ, ತಿರುವಿನ ನಡುವೆಯೇ ಮೂರಕ್ಕೆ ಏರಿಸಿಬಿಡುತ್ತದೆ. ಆದ್ದರಿಂದ ಗೇರ್ ತಾನೇ ಬದಲಾಗುವ ‘ಡಿ’ ಬೇಡ, ನೀವೇ ಬದಲಿಸುವ ಮ್ಯಾನುಯಲ್ ಮೋಡಿಗೆ ಹಾಕಿ. ಒಂದರಲ್ಲಿ ಹೊರಟು ಕೂಡಲೇ ಎರಡಕ್ಕೆ ಬನ್ನಿ, ಮುಗಿಯುವವರೆಗೂ ಎರಡರಲ್ಲೇ ಇರಿ. ಇಂಥ ಸಣ್ಣ ಟ್ರ್ಯಾಕಿಗೆ ಅದು ಸಾಕು. ಹಲವು ಕಾರುಗಳು ಮ್ಯಾನುಯಲ್ ಮೋಡಿನಲ್ಲೂ ಎಂಜಿನ್ ತಿರುಗುವ ವೇಗದ ಮಿತಿ ಮುಟ್ಟಿದರೆ ತಾವಾಗಿಯೇ ಗೇರ್ ಏರಿಸುತ್ತವೆ, ಅಲ್ಲಿಗೆ ಹೋಗುವ ಮುನ್ನ ಕಾಲು ಸಡಿಲಿಸಿ. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲನ್ನು ಗುಂಡಿ ಒತ್ತಿ ಆರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬೇಕಾದ ಹೊತ್ತಿಗೇ ಎಂಜಿನ್ ಸಪ್ಪಗಾಗುತ್ತದೆ.

ಮ್ಯಾನುಯಲ್ ಗೆಳೆಯರಿಗೆ ಇರುವ ಒಂದು ಅಸ್ತ್ರ ನಿಮಗಿಲ್ಲ. ಅವರು ಕ್ಲಚ್ ತುಳಿದು, ಕೈಬ್ರೇಕ್ ಎಳೆದು ಹಿಂಭಾಗವನ್ನು ತಿರುಗಿಸುತ್ತಾರೆ. ನಿಮಗೆ ತುಳಿಯಲು ಕ್ಲಚ್ ಪೆಡಲೇ ಇಲ್ಲ. ಎಡಗಾಲಿನಲ್ಲಿ ಬ್ರೇಕ್ ಒತ್ತಿ ಬಲಗಾಲಿನಲ್ಲಿ ಆಕ್ಸಿಲರೇಟರ್ ಹಿಡಿಯೋಣವೆಂದರೆ ಈಗಿನ ಎಷ್ಟೋ ಕಾರುಗಳು ಎರಡು ಪೆಡಲನ್ನೂ ಒಟ್ಟಿಗೆ ಕಂಡೊಡನೆ ಎಂಜಿನ್ ಶಕ್ತಿ ಕಡಿತಗೊಳಿಸುತ್ತವೆ. ನೇರದಲ್ಲೇ ಬ್ರೇಕ್ ಮುಗಿಸಿ, ಆಕ್ಸಿಲರೇಟರ್ ತಟ್ಟನೆ ಬಿಟ್ಟಾಗ ಮೂತಿ ಒಳಗೆ ತಿರುಗುವುದನ್ನು ಬಳಸಿಕೊಳ್ಳಿ. ಖಾಲಿ ಹೊಲದಲ್ಲಿ ಎರಡು ಭಾನುವಾರ ಕಲಿತರೆ ಕೈಗೆ ಬರುತ್ತದೆ.

ಹೊಸದಾಗಿ ಕಾರು ಕೊಳ್ಳುವವರು ಕೇಳಿದ್ದರೆ, ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್ ನೋಡಿ ಎನ್ನುತ್ತಿದ್ದೆ. ಫೋಕ್ಸ್‌ವ್ಯಾಗನ್ 2003ರಲ್ಲಿ ಗಾಲ್ಫ್ ಆರ್32 ಕಾರಿಗೆ ಹಾಕಿದ ಆರು ಗೇರಿನದು ಅದೇ ಬಗೆ. ನಮ್ಮಲ್ಲಿ 2022ರಲ್ಲಿ ಟಾಟಾ ಆಲ್ಟ್ರೋಜ್‌ನಲ್ಲಿ ಬಂದ ಡಿಸಿಎ (ಟಾಟಾದ ಎರಡು ಕ್ಲಚ್ಚಿನ ಗೇರ್‌ಬಾಕ್ಸ್) ಕೂಡ ಅದೇ. ತಂತ್ರಜ್ಞಾನ ರ‍್ಯಾಲಿಗೆ ಹೊಸದೇನಲ್ಲ: 1985ರಲ್ಲಿಯೇ ಜರ್ಮನಿಯ ರ‍್ಯಾಲಿ ಚಾಲಕ ವಾಲ್ಟರ್ ರೋರ್ಲ್ ಎರಡು ಕ್ಲಚ್ಚಿನ ಆಡಿ ಕ್ವಾಟ್ರೋ ಎಸ್1 ಓಡಿಸಿದ್ದರು. ಆದರೆ ಇರುವ ಕಾರನ್ನು ಮಾರಬೇಡಿ. ಹೊಸ ಕಾರಿನ ದುಡ್ಡಿನಲ್ಲಿ ಒಂದು ಪಾಲು ಸಾಕು, ಗಾಡಿಯ ತಳಕ್ಕೆ ರಕ್ಷಣೆಯಾಗಿ ಗಟ್ಟಿ ಉಕ್ಕಿನ ಸಂಪ್ ಗಾರ್ಡ್ ಹಾಕಿಸಿ. ಗೇರ್‌ಬಾಕ್ಸಿನ ಹೊರಮೈ ಅಲ್ಯುಮಿನಿಯಂ, ನಿಮ್ಮೂರಿನ ಕಲ್ಲು ಎಂಥದೆಂದು ನಿಮಗೇ ಗೊತ್ತು.

ಪ್ರಶ್ನೆ: ಮಗಳು ಇಂಥ ಓಟಕ್ಕೆ ಕಾರು ಒಯ್ಯುತ್ತಾಳಂತೆ. ಮರುದಿನ ಅದೇ ಕಾರಿನಲ್ಲಿ ದಾವಣಗೆರೆಗೆ ಕೆಲಸಕ್ಕೆ ಹೋಗಬೇಕು. ಏನು ನೋಡಿಕೊಳ್ಳಲಿ?
– ತಂದೆ, ಹರಿಹರ

ಉತ್ತರ: ಕಳುಹಿಸಿಕೊಡಿ ಸರ್, ತಡೆಯಬೇಡಿ. ಆದರೆ ಮೊದಲು ವಿಮಾ ಪಾಲಿಸಿ ತೆಗೆದು ಓದಿ. ಸಂಘಟಿತ ರೇಸಿಂಗ್, ವೇಗಪರೀಕ್ಷೆಯಂಥ ಬಳಕೆಗೆ ರಕ್ಷಣೆ ಇಲ್ಲವೆಂದು ಖಾಸಗಿ ಕಾರಿನ ಪಾಲಿಸಿಯಲ್ಲೇ ಬರೆದಿರುತ್ತದೆ. ವಾರಂಟಿಯದೂ ಸಾಮಾನ್ಯವಾಗಿ ಅದೇ ಕಥೆ. ಆ ದಿನದ ನಷ್ಟ ನಿಮ್ಮದೇ ಎಂದು ತಿಳಿದೇ ಕಳುಹಿಸಬೇಕು. ಓಟ ದೇಶದ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಅನುಮತಿ ಪಡೆದದ್ದೋ, ಆಂಬುಲೆನ್ಸ್ ನಿಂತಿರುತ್ತದೋ ಎಂದು ವಿಚಾರಿಸಿ.

ಮರಳಿ ಬಂದ ಸಂಜೆ ಏರ್ ಫಿಲ್ಟರ್ ತೆಗೆದು ಕೊಡವಿ, ಧೂಳು ಹೆಚ್ಚಿದ್ದರೆ ಬದಲಿಸಿ. ಮುಂದಿನ ಚಕ್ರಗಳ ಒಳಬದಿಯಲ್ಲಿ ಆಕ್ಸಲ್ಲಿನ ರಬ್ಬರ್ ಬೂಟ್ ಹರಿದು ಗ್ರೀಸ್ ಚಿಮ್ಮಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಎರೆ ಮಣ್ಣು ಮೆತ್ತಿದ್ದರೆ ಒಣಗುವ ಮೊದಲೇ ತೊಳೆಸಿ, ರಿಮ್ಮಿನೊಳಗೆ ಗಟ್ಟಿಯಾದರೆ ಸ್ಟೀರಿಂಗ್ ನಡುಗುತ್ತದೆ. ಆಮೇಲೆ ನೀವೇ ಒಂದು ಏರಿನಲ್ಲಿ ನಿಲ್ಲಿಸಿ ಮೆಲ್ಲಗೆ ಹೊರಟು ನೋಡಿ. ಒಂದರಿಂದ ಎರಡಕ್ಕೆ ಬೀಳುವಾಗ ಗಾಡಿ ಗಡಗಡ ನಡುಗಿದರೆ ಸೋಮವಾರ ಮಗಳನ್ನು ಬಸ್ಸಿಗೆ ಹತ್ತಿಸಿ, ಕಾರನ್ನು ಗ್ಯಾರೇಜಿಗೆ ತನ್ನಿ.