ಕಪ್ಪು ಕನ್ನಡಕ ಹಾಕಿದರೂ ನೀರಿನ ಹೊಳಪು ಯಾಕೆ ಹೋಗುವುದಿಲ್ಲ?

ಬೈತಖೋಲ ಬಂದರಿನಿಂದ ದೋಣಿಗೆ ಹೋಗುತ್ತೇನೆ, ಕಪ್ಪು ಕನ್ನಡಕ ಇದ್ದರೂ ಮಧ್ಯಾಹ್ನದ ಮೇಲೆ ನೀರು ಕಣ್ಣಿಗೆ ಹೊಡೆಯುತ್ತದೆ, ಪೋಲರೈಸ್ಡ್ ಅಂತ ಜಾಸ್ತಿ ದುಡ್ಡು ಕೇಳುವುದು ಮೋಸವಾ ಅಂತ ಕೇಳಿದ್ದೀರಿ. ಮೋಸ ಅಲ್ಲ, ನಿಜವಾದ ಮಾಲು ಆಗಿದ್ದರೆ. ನಾನು ಕಾರವಾರದಲ್ಲಿ ಕನ್ನಡಕದ ಅಂಗಡಿಯಲ್ಲೇ ಕೆಲಸ ಮಾಡುವವನು.

ಕಪ್ಪು ಬಣ್ಣ ಎಲ್ಲ ಬೆಳಕನ್ನೂ ಒಂದೇ ಸಮ ಕಡಿಮೆ ಮಾಡುತ್ತದೆ, ಅಷ್ಟೇ. ನೀರಿನಿಂದ ಚಿಮ್ಮಿ ಬರುವ ಬೆಳಕು ಬೇರೆ ತರಹದ್ದು, ಅದು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತದೆ. ಅದನ್ನು ಮಾತ್ರ ಹಿಡಿದು ಉಳಿದದ್ದನ್ನು ಬಿಡುವ ಪದಾರ್ಥ ಬೇಕು. ಅಂಥ ಪದಾರ್ಥ ಇರುವ ಕನ್ನಡಕವೇ ಪೋಲರೈಸ್ಡ್.

ಅದು ಸಿಕ್ಕಿದ ಕಥೆ ನನಗೆ ತುಂಬಾ ಇಷ್ಟ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆರಪತ್ ಎಂಬ ವೈದ್ಯರಿದ್ದರು. ಅವರ ಶಿಷ್ಯನೊಬ್ಬ ಕ್ವಿನೈನ್ ತಿನ್ನಿಸಿದ ನಾಯಿಯ ಮೂತ್ರಕ್ಕೆ ಅಯೋಡಿನ್ ಹಾಕಿದಾಗ ಹಸಿರು ಹರಳುಗಳು ಮೂಡಿದವು. ಹೌದು, ಮಲೇರಿಯಾಕ್ಕೆ ಕೊಡುತ್ತಿದ್ದ ಅದೇ ಕ್ವಿನೈನ್. ಎರಡು ಹರಳು ಒಂದರ ಮೇಲೊಂದು ಅಡ್ಡ ಬಿದ್ದ ಕಡೆ ಬೆಳಕೇ ದಾಟುತ್ತಿರಲಿಲ್ಲ. 1852ರಲ್ಲಿ ಹೆರಪತ್ ಇದನ್ನು ಪ್ರಕಟಿಸಿದರು, ಆದರೆ ಲೆನ್ಸ್‌ಗೆ ಆಗುವಷ್ಟು ದೊಡ್ಡ ಹರಳು ಬೆಳೆಸುವುದು ಬಹಳ ಕಷ್ಟವಾಗಿತ್ತು. ಅಮೆರಿಕದ ಎಡ್ವಿನ್ ಲ್ಯಾಂಡ್ ಇನ್ನೂ ಇಪ್ಪತ್ತು ತುಂಬದ ಹುಡುಗ, ದೊಡ್ಡ ಹರಳಿನ ಆಸೆಯನ್ನೇ ಬಿಟ್ಟು, ಸಣ್ಣ ಸಣ್ಣ ಹರಳುಗಳನ್ನು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲಿಸಿ ಹಾಳೆ ಮಾಡಿ 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಎಂಥಾ ತಲೆ ಅಲ್ವಾ! 1938ರಲ್ಲಿ ಅವನೇ ಹರಳನ್ನೂ ಬಿಟ್ಟ. ಪಾಲಿವಿನೈಲ್ ಆಲ್ಕೋಹಾಲ್ ಪ್ಲಾಸ್ಟಿಕ್ ಹಾಳೆಯನ್ನು ಒಂದೇ ದಿಕ್ಕಿಗೆ ಎಳೆದರೆ ಒಳಗಿನ ಉದ್ದುದ್ದ ಅಣುಗಳು ಸಾಲಾಗುತ್ತವೆ, ಅದಕ್ಕೆ ಅಯೋಡಿನ್ ಉಣಿಸಿದರೆ ಆ ಸಾಲಿನ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಹಾಳೆ ನುಂಗುತ್ತದೆ. ಇವತ್ತಿನ ಲೆನ್ಸಿನೊಳಗೂ ಇಂಥದ್ದೇ ಹಾಳೆ, ಸಾಲು ಅಡ್ಡಕ್ಕೆ ಬರುವಂತೆ ಕೂರಿಸಿರುತ್ತಾರೆ.

ಸೂರ್ಯ ದಿಗಂತದಿಂದ ಸುಮಾರು 37 ಡಿಗ್ರಿ ಮೇಲಿದ್ದಾಗ, ಅಂದರೆ ನಮ್ಮ ಕಡೆ ನಾಲ್ಕು ಗಂಟೆ ಆಸುಪಾಸು, ಇದರ ಕೆಲಸ ಅತಿ ಚೆಂದ. ಹೊಳಪು ಸರಿದು ನೀರಿನೊಳಗಿನ ಕಲ್ಲು ಕಾಣುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಅಷ್ಟು ಉಪಯೋಗ ಇಲ್ಲ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಲೆನ್ಸ್ ನಿಮಗೆ ಬೇಡ. ಅದು ಈ ಹೊಳಪನ್ನು ಆರಿಸಿ ತಡೆಯುವುದಿಲ್ಲ, ಮೇಲಾಗಿ ಸೆಖೆಯಲ್ಲಿ ಕಪ್ಪಾಗುವುದೂ ಕಮ್ಮಿ. ಶಿರಸಿಯ ಚಳಿಗಾಲದ ಬೆಳಿಗ್ಗೆ ಆಗುವಷ್ಟು ಕಪ್ಪು ಕಾರವಾರದ ಮೇ ತಿಂಗಳಲ್ಲಿ ಆಗುವುದಿಲ್ಲ.

ಯುವಿ 400 ಅಂತ ಇದೆಯಾ ಅಂತಲೂ ಕೇಳಿ, ಅಂದರೆ ಬಿಸಿಲಿನ ಯುವಿ (ಅತಿನೇರಳೆ) ಕಿರಣ ತಡೆಯುವ ಲೆನ್ಸ್, ಅದು ಬೇರೆಯೇ ಗುಣ. ಯುವಿ ತಡೆಯದ ಬರೀ ಕಪ್ಪು ಲೆನ್ಸ್ ಹಾಕಿದರೆ ಕಣ್ಣಿನ ಪಾಪೆ ಅಗಲವಾಗಿ ಒಳಗೆ ಜಾಸ್ತಿ ಯುವಿ ಹೋಗಬಹುದು. ದಯವಿಟ್ಟು ಅದನ್ನು ಹಾಕಬೇಡಿ.

ಪೋಲರೈಸ್ಡ್ ಹೌದೋ ಅಲ್ಲವೋ ನೋಡಲು ಕನ್ನಡಕವನ್ನು ಕೈಯಲ್ಲಿ ಹಿಡಿದು ನೀರಿನ ಹೊಳಪನ್ನು ಅದರ ಮೂಲಕ ನೋಡುತ್ತಾ ನಿಧಾನ ತಿರುಗಿಸಿ. ಹೊಳಪು ಹೋಗಿ ಬಂದು ಮಾಡಿದರೆ ಅಸಲಿ. ದೋಣಿಯಲ್ಲಿ ಜಿಪಿಎಸ್ ಇದ್ದರೆ ಕೊಳ್ಳುವ ಮೊದಲು ಅದರ ಪರದೆಯನ್ನೂ ಇದೇ ಕನ್ನಡಕದಲ್ಲಿ ನೋಡಿಬಿಡಿ. ಕೆಲವು ಪರದೆಗಳು ಪೂರ್ತಿ ಕಪ್ಪಾಗಿ ಕಾಣುತ್ತವೆ.